ಯಾರೂ ಇಲ್ಲದ ಸ್ಟೇಷನ್

ರಜನಿಯ ಫೋಟೊಗಳಲ್ಲಿ ಮನುಷ್ಯರು ಇರುತ್ತಿರಲಿಲ್ಲ. ಅದು ಅವಳೇ ಹಾಕಿಕೊಂಡ ನಿಯಮ. ಪ್ಯಾಸೆಂಜರ್ ಗಾಡಿ ಬಂದರೆ ಕ್ಯಾಮೆರಾ ಕೆಳಗಿಳಿಸುತ್ತಿದ್ದಳು. ಕಿಟಕಿಗೊಂದು ಮುಖ, ಬಾಗಿಲಲ್ಲಿ ನೇತಾಡುವ ಕಾಲುಗಳು, ಸುಮ್ಮನೆ ಕೈಬೀಸುವ ಮಕ್ಕಳು. ಗೂಡ್ಸ್ ಗಾಡಿ ಹಾಗಲ್ಲ. ಅದು ಯಾರಿಗೂ ಕೈಬೀಸುವುದಿಲ್ಲ, ಯಾರಿಗೋಸ್ಕರವೂ ಬಂದಂತೆ ಕಾಣುವುದಿಲ್ಲ. ಟೇಕಲ್ಲಿನ ಬಂಡೆಗಳ ನಡುವಿನ ತಿರುವಿನಲ್ಲಿ ಒಂದರ ಹಿಂದೊಂದು ಕಂಟೇನರ್ ಹೊರಳಿ ಬರುವುದನ್ನು ನೋಡುತ್ತಿದ್ದರೆ ತಾನೂ ಇಲ್ಲವೇನೋ ಎನಿಸಿ ಅವಳಿಗೆ ಸುಖವಾಗುತ್ತಿತ್ತು.

ವಾರವಿಡೀ ಅವಳ ಸುತ್ತ ಜನವೇ. ನರಸಾಪುರದ ಕಾರ್ಖಾನೆಯಲ್ಲಿ ಕೆಲಸ; ಕಂಪನಿ ಬಸ್ಸಿನಲ್ಲಿ ಜನ, ಕ್ಯಾಂಟೀನಿನ ಸಾಲಿನಲ್ಲಿ ಜನ, ಪಿ.ಜಿ.ಯ ಕೋಣೆಯಲ್ಲಿ ಇನ್ನೂ ಮೂವರು ಹುಡುಗಿಯರು, ಅವರ ಒದ್ದೆ ಬಟ್ಟೆ, ಅವರ ಫೋನಿನ ಜಗಳ. ವಾರದ ರಜೆ ಬಂದರೆ ಮಾಲೂರಿಗೆ ಓಡುತ್ತಿದ್ದಳು. ಅಲ್ಲಿ ಅಮರನಾಥನಿದ್ದ. ಮದುವೆ, ನಾಮಕರಣದ ಫೋಟೊ ತೆಗೆಯುವ ಸಣ್ಣ ಸ್ಟುಡಿಯೊ ಅವನದು. ಹೊಟ್ಟೆಪಾಡಿಗೆ ವಧೂವರರು, ಖುಷಿಗೆ ರೈಲು. ರೈಲಿನ ಹುಚ್ಚಿರುವವರ ಒಂದು ಪೇಜನ್ನೂ ಅವನೇ ನಡೆಸುತ್ತಿದ್ದ. ಇಬ್ಬರೂ ಅವನ ಬೈಕಿನಲ್ಲಿ ಸೇತುವೆ, ಸಿಗ್ನಲ್, ಪಾಳುಬಿದ್ದ ಗೇಟ್‌ಮನೆಗಳನ್ನು ಹುಡುಕಿಕೊಂಡು ಅಲೆಯುತ್ತಿದ್ದರು.

ಆ ಸ್ಟೇಷನ್ನಿನ ಸುದ್ದಿ ತಂದವನು ಅವನೇ.

“ಶ್ರೀನಿವಾಸಪುರದಿಂದ ಸ್ವಲ್ಪ ಮುಂದೆ ಕಣೇ. ಹಳೇ ಚಿಕ್ಕ ರೈಲಿನ ಕಾಲದ್ದು. ದೊಡ್ಡ ಲೈನು ಹಾಕ್ದಾಗ ಹಳಿ ಆ ಕಡೆ ಸರೀತು, ಇದು ಹೊಲದ ಮಧ್ಯ ಉಳ್ಕೊಂಡ್‌ಬಿಡ್ತು. ಟಿಕೆಟ್ ಕೊಡೋ ಕಿಟಕಿ ಇನ್ನೂ ಹಂಗೇ ಐತಂತೆ.”

ಕೋಲಾರದಲ್ಲಿ ತಿಂಡಿ ತಿಂದು ಹೊರಟರು. ಊರಿನ ಹೊರಗೆ ಬೈಕು ನಿಲ್ಲಿಸಿ, ಹಳೆಯ ಹಳಿಯ ಮಣ್ಣಿನ ಏರಿ ಹಿಡಿದು ನಡೆದರು. ಹಳಿ ಇರಲಿಲ್ಲ, ಕಲ್ಲುಜಲ್ಲಿ, ಲಂಟಾನ, ಮಧ್ಯೆ ಒಂದು ಕಲ್ಲುಕಮಾನಿನ ಪುಟ್ಟ ಸೇತುವೆ. ಸೇತುವೆಯ ಕೆಳಗೆ ಇಳಿಯುವ ಮುಂಚೆ ಅಮರನಾಥ ಬ್ಯಾಗಿನಿಂದ ಸ್ಪ್ರೇ ಡಬ್ಬಿ ತೆಗೆದ.

“ನಿಂತ್ಕೊ. ಈ ಪೊದೇಲಿ ಸೊಳ್ಳೆ, ಉಣ್ಣೆ ಎರಡೂ ಐತೆ. ಹೋದ್ಸಲ ಒಂದ್ ವಾರ ಕೆರ್ಕೊಂಡಿದೀನಿ.”

ಅವಳ ಪ್ಯಾಂಟಿಗೆ, ಶರ್ಟಿನ ತೋಳಿಗೆ, ಬೆನ್ನಿಗೆ ಹೊಡೆದ. ರಜನಿ ಕೆಮ್ಮಿದಳು. ಕಮಾನಿನೊಳಗೆ ಮಂಡಿಯೂರಿ ಕುಳಿತು ಫೋಟೊ ತೆಗೆಯುವಷ್ಟರಲ್ಲಿ ಅದು ಒಣಗಿತು.

ಸ್ಟೇಷನ್ ಸಿಕ್ಕಿತು, ಆದರೆ ಅದು ಪಾಳುಬಿದ್ದಿರಲಿಲ್ಲ. ಪ್ಲಾಟ್‌ಫಾರಂ ಇದ್ದ ಕಡೆ ಎರಡು ಹಸು ಕಟ್ಟಿತ್ತು. ಹಗ್ಗದ ಮೇಲೆ ಸೀರೆ ಒಣಗುತ್ತಿತ್ತು. ಕಿಟಕಿಗಳಿಗೆಲ್ಲ ನೈಲಾನ್ ಪರದೆ ಬಿಗಿದು, ಬಾಗಿಲ ಮುಂದೆ ಸುಣ್ಣದ ಪುಡಿ ಚೆಲ್ಲಿತ್ತು. ಅಮರನಾಥನಿಗೆ ಏನೂ ತಿಳಿಯಲಿಲ್ಲ. ರಜನಿಗೆ ದೂರದಿಂದಲೇ ತಿಳಿಯಿತು. ಪರದೆ ನೊಣಕ್ಕೆ, ಸುಣ್ಣ ಹೊರಗಿನ ಕಾಲಿಗೆ. ಒಳಗೆ ರೇಷ್ಮೆ ಹುಳವಿದೆ.

“ಯಾರಮ್ಮ ಅದು? ಅಲ್ಲೇ ನಿಂತ್ಕಳಿ!” ಹಸುವಿನ ಹಿಂದಿನಿಂದ ಒಬ್ಬ ಹೆಂಗಸು ಬಂದಳು. ವಯಸ್ಸಾಗಿತ್ತು, ನಡಿಗೆಯಲ್ಲಿ ಆಗಿರಲಿಲ್ಲ. ಅವಳ ಹೆಸರು ಕದಿರಮ್ಮ ಎಂಬುದು ಆಮೇಲೆ ತಿಳಿಯಿತು. ಪಕ್ಕದ ಹಿಪ್ಪುನೇರಳೆ ತೋಟ ಅವಳದೇ, ಬೇಲಿಯಾಚೆಯ ಟೊಮೆಟೊ ತೋಟ ಬೇರೆಯವರದು. ರೈಲು ಬಿಟ್ಟುಹೋದ ಮನೆಯನ್ನು ಯಾರೂ ಕೇಳದಿದ್ದಾಗ ಅವಳ ಗಂಡ ಚೊಕ್ಕ ಮಾಡಿ ಹುಳ ಸಾಕಿದ್ದ. ಅವನು ಹೋದ ಮೇಲೂ ಅವಳು ಬಿಟ್ಟಿರಲಿಲ್ಲ.

“ಫೋಟೊ ಅಮ್ಮ, ಹಳೇ ಸ್ಟೇಷನ್ದು. ಎರಡೇ ನಿಮಿಷ, ಒಳಗೆ,” ಎಂದ ಅಮರನಾಥ.

“ಎರಡು ನಿಮಿಷದಲ್ಲೇ ಎಲ್ಲಾ ಹೋಗೋದು. ಆಚೆಯಿಂದ ಎಷ್ಟ್ ಬೇಕಾದ್ರೂ ತಕ್ಕೊ.”

ರಜನಿ ಮುಂದೆ ಬಂದಳು. “ನಾಲ್ಕನೇ ಜ್ವರ ಎದ್ದಾಯ್ತಾ ದೊಡ್ಡಮ್ಮ?”

ಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ, ನಾಲ್ಕನೆಯದು ಕೊನೆಯದು. ಕದಿರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ನಿಂಗೆಂಗೆ ಗೊತ್ತು?”

“ನಾನೂ ಹುಳದ ಮನೇಲೇ ಹುಟ್ಟಿದ್ದು. ಹೋಳೂರು. ಮುನಿಕೃಷ್ಣಪ್ಪನ ಮಗಳು.”

“ಅಯ್ಯೋ, ಹೋಳೂರಾ! ಮುಂಚೆನೇ ಹೇಳೋದಲ್ವಾ ಅಮ್ಮಾಯಿ. ಎದ್ದಾಯ್ತು, ಇನ್ನೇನು ಹಣ್ಣಾಗಿ ಗೂಡು ಕಟ್ಟೋಕೆ ಬಂದವೆ. ನೀನೊಬ್ಳು ಬಾ. ಆಯಪ್ಪ ಬ್ಯಾಡ, ಬೀಡಿ ವಾಸ್ನೆ ಹೊಡೀತಾನೆ.”

“ಬೀಡಿ ಅಲ್ಲಮ್ಮ, ಸಿಗರೇಟು,” ಎಂದ ಅಮರನಾಥ.

“ನಮ್ ಹುಳ ಓದಿಲ್ಲಪ್ಪ. ಎರಡೂ ಒಂದೇ ಅದಕ್ಕೆ.”

ರಜನಿ ಚಪ್ಪಲಿ ಬಿಟ್ಟಳು. ಬ್ಲೀಚಿಂಗ್ ನೀರಿನಲ್ಲಿ ಕಾಲು ತೊಳೆದಳು, ಕೈ ತೊಳೆದಳು, ಸುಣ್ಣ ತುಳಿದಳು. ಯಾರೂ ಹೇಳಿಕೊಡಬೇಕಾಗಲಿಲ್ಲ. ಕದಿರಮ್ಮ ಮೆಚ್ಚಿಕೆಯಿಂದ ನೋಡುತ್ತ ದನಿ ತಗ್ಗಿಸಿ ಕೇಳಿದಳು:

“ಹೊರಗೆ ಗಿರಗೆ ಏನೂ ಇಲ್ಲ ತಾನೆ?”

“ಇಲ್ಲ ದೊಡ್ಡಮ್ಮ.”

“ಸೆಂಟು, ಗಿಂಟು?”

ಆಗ ರಜನಿಗೆ ಸ್ಪ್ರೇ ನೆನಪಾಯಿತು. ನೆನಪಾಗಲಿಲ್ಲ ಎನ್ನುವಂತಿಲ್ಲ. ಬಟ್ಟೆಗೆ ಹೊಡೆದದ್ದು, ಒಣಗಿದೆ, ಬಿಸಿಲಲ್ಲಿ ಅಷ್ಟು ದೂರ ನಡೆದು ಬಂದಾಗಿದೆ ಎಂದುಕೊಂಡಳು. ತೆರೆದ ಬಾಗಿಲಿನಾಚೆ ಟಿಕೆಟ್ ಕಿಟಕಿಯ ಕಮಾನು ಕಾಣುತ್ತಿತ್ತು. ಪರದೆಯ ಮೂಲಕ ಬೆಳಕು ಓರೆಯಾಗಿ ಗೋಡೆಯ ಮೇಲೆ ಬಿದ್ದಿತ್ತು. ಆ ಬೆಳಕು ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ.

“ಇಲ್ಲ,” ಎಂದಳು.

ಒಳಗೆ ಸಾವಿರಾರು ಬಾಯಿಗಳು ಸೊಪ್ಪು ಮೇಯುವ ಸದ್ದು. ಗೋಡೆಯುದ್ದಕ್ಕೂ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಬಿದಿರಿನ ತಟ್ಟೆ, ತಟ್ಟೆ ತುಂಬ ಬೆರಳುದ್ದದ ಬಿಳಿ ಹುಳಗಳು. ಕದಿರಮ್ಮ ಸೊಪ್ಪು ತರಲು ತೋಟಕ್ಕೆ ಹೋದಳು. ರಜನಿ ಕ್ಯಾಮೆರಾ ಹಿಡಿದು ನೋಡಿದಳು. ಎಲ್ಲಿ ನಿಂತರೂ ಹುಳದ ತಟ್ಟೆ ಅಡ್ಡ ಬರುತ್ತಿತ್ತು. ಮೇಲಿನ ತಟ್ಟೆಗಳನ್ನು ಒಂದೊಂದಾಗಿ ಎತ್ತಿ, ಎದೆಗೆ ಒತ್ತಿಕೊಂಡು, ಆಚೆ ಬದಿಗೆ ಇಟ್ಟಳು. ಸ್ಟ್ಯಾಂಡು ಒಬ್ಬಳ ಕೈಗೆ ಬರಲಿಲ್ಲ.

ಹೊರಗೆ ತೊಟ್ಟಿಯ ಹತ್ತಿರ ಕದಿರಮ್ಮನ ಸೊಸೆ ಪಾತ್ರೆ ತೊಳೆಯುತ್ತಿದ್ದಳು.

“ರೀ, ಒಂದ್ ಕೈ ಹಿಡೀತೀರಾ?”

ಅವಳು ಬಂದು ಸುಣ್ಣದ ಆಚೆಯೇ ನಿಂತಳು. “ನಾನು ಬರಂಗಿಲ್ಲಕ್ಕ.”

ರಜನಿಗೆ ಅರ್ಥವಾಯಿತು. ಹೋಳೂರಿನ ಮನೆಯಲ್ಲಿ ತಾನೂ ತಿಂಗಳು ತಿಂಗಳೂ ಹೀಗೆ ಹೊಸ್ತಿಲಾಚೆ ನಿಂತವಳು. ಆಗೆಲ್ಲ ಬಂದ ಸಿಟ್ಟು ಈಗ ಧಾರಾಳವಾಗಿ ಹೊರಬಂತು. “ಅದೆಲ್ಲ ಸುಳ್ಳು ಕಣ್ರೀ. ಹುಳಕ್ಕೇನು ಗೊತ್ತಾಗುತ್ತೆ? ಏನೂ ಆಗಲ್ಲ, ಬನ್ನಿ.”

ಸೊಸೆ ತೋಟದ ಕಡೆ ಒಮ್ಮೆ ನೋಡಿ, ನಕ್ಕು, ಒಳಗೆ ಬಂದಳು. ಅನಿತ ಎಂದು ಹೆಸರು ಹೇಳಿದಳು. ತವರು ಮುಳಬಾಗಿಲು. ಇಬ್ಬರೂ ಸೇರಿ ಸ್ಟ್ಯಾಂಡು ಸರಿಸಿದರು.

“ಎಲ್ಲಾ ಸರಿಸಿದ್ಮೇಲೆ ಏನೈತಕ್ಕ ಇಲ್ಲಿ ತೆಗಿಯೋಕೆ? ಬರೀ ಗೋಡೆ.”

“ಗೋಡೆನೇ ಬೇಕು.”

“ದೇವುಡಾ! ನನ್ದೊಂದು ತೆಗೀರಿ. ಗೋಡೆಗಿಂತ ಚೆನ್ನಾಗೇ ಇದೀನಿ.”

ರಜನಿ ನಿಯಮ ಮುರಿದು ಅನಿತಳದೊಂದು ಫೋಟೊ ತೆಗೆದಳು, ಪ್ರಿಂಟ್ ತಂದುಕೊಡುತ್ತೇನೆ ಎಂದಳು. ಅನಿತ ಹೊರಗೆ ಕಾಲಿಡುವಾಗ ಸೊಪ್ಪಿನ ಹೊರೆ ಹೊತ್ತ ಕದಿರಮ್ಮ ಎದುರಾದಳು. ಸೊಸೆಯನ್ನು ನೋಡಿದಳು, ಸುಣ್ಣವನ್ನು ನೋಡಿದಳು. ಹೊರಗಿನವರ ಮುಂದೆ ಏನೂ ಅನ್ನಲಿಲ್ಲ.

ಗೋಡೆಯ ಫೋಟೊ ತುಂಬಾ ಚೆನ್ನಾಗಿ ಬಂದಿತ್ತು. ಖಾಲಿ ನೆಲ, ಕಮಾನು, ಓರೆ ಬೆಳಕು. ಅಮರನಾಥ ಅದನ್ನು ಪೇಜಿಗೆ ಹಾಕಿ ಕೆಳಗೆ ‘ಯಾರೂ ಇಲ್ಲದ ಸ್ಟೇಷನ್’ ಎಂದು ಬರೆದ. ಅಲ್ಲಿನ ಮೌನ ಕಿವಿಗೆ ಕೇಳಿಸುತ್ತದೆ ಎಂದು ಯಾರೋ ಹೊಗಳಿದರು. ಮುಂದಿನ ವರ್ಷದ ಕ್ಯಾಲೆಂಡರಿಗೆ ಕಳಿಸೋಣ ಎಂದು ಅಮರನಾಥ ಕುಣಿದಾಡಿದ. ಮೌನ ಎಂದವರಿಗೆ ಹುಳ ಮೇಯುವ ಸದ್ದಿನ ವಿಷಯ ಹೇಳಬೇಕು ಎಂದುಕೊಂಡವಳು ಹೇಳಲಿಲ್ಲ.

ಮುಂದಿನ ರಜೆಗೆ ಅನಿತಳ ಪ್ರಿಂಟ್ ಹಿಡಿದು ಒಬ್ಬಳೇ ಬಸ್ಸಿನಲ್ಲಿ ಹೊರಟಳು. ಈ ಹೊತ್ತಿಗೆ ಹುಳ ಬಿದಿರಿನ ಚಂದ್ರಂಕಿ ಏರಿ ಗೂಡು ಕಟ್ಟಿರಬೇಕು. ಗೂಡು ಬಿಡಿಸುವ ದಿನ ಹುಳದ ಮನೆಯಲ್ಲಿ ಎಲ್ಲರೂ ಒಳ್ಳೆಯವರಾಗಿರುತ್ತಾರೆ. ಹಳಿಯ ಏರಿಯ ಮೇಲೆ ಅರ್ಧ ದಾರಿಗೆ ಬಂದಾಗ ವಾಸನೆ ಬಡಿಯಿತು. ಚಿಕ್ಕಂದಿನಲ್ಲಿ ಒಮ್ಮೆ ಮನೆಯಲ್ಲಿ ಬೆಳೆ ಹೋಗಿತ್ತು. ಆ ವಾಸನೆ ಮೂಗು ಮರೆಯುವಂಥದ್ದಲ್ಲ. ಜಾಲಿ ಗಿಡದ ಬುಡದಲ್ಲಿ ಗುಂಡಿ ತೋಡಿ ಸುಣ್ಣ ಸುರಿದಿದ್ದರು. ಸುಣ್ಣದ ಕೆಳಗೆ ಕಪ್ಪು ಕಪ್ಪಾಗಿ ಕೊಳೆತದ್ದು ಕಾಣುತ್ತಿತ್ತು.

ಕದಿರಮ್ಮ ಪ್ಲಾಟ್‌ಫಾರಮ್ಮಿನ ಕಲ್ಲಂಚಿನ ಮೇಲೆ ಕೂತಿದ್ದಳು. ಬೈಕಿನ ಹತ್ತಿರ ಅವಳ ಮಗ ನರೇಶ್. ಬೈಕಿನ ಆಚೆ ಬದಿ ಅನಿತ, ಕಾಲ ಬಳಿ ಬಟ್ಟೆ ತುಂಬಿದ ಬ್ಯಾಗು.

“ಬಾರಮ್ಮಾಯಿ,” ಎಂದಳು ಕದಿರಮ್ಮ. “ನೋಡ್ದಾ ನಮ್ ಗತಿ.”

“ಏನಾಯ್ತು ದೊಡ್ಡಮ್ಮ? ಹಾಲುತೊಂಡೆ ರೋಗನಾ?”

“ಹಾಲುತೊಂಡೆ ನಂಗ್ ಗೊತ್ತಿಲ್ವಾ? ಇದು ಬ್ಯಾರೆ. ತಲೆ ಎತ್ಕೊಂಡು ಆಡ್ಸೋವು, ಹಸಿರು ಕಕ್ಕೋವು, ಮುರುಟ್ಕೊಂಡು ಬೀಳೋವು. ನೀನು ಬಂದೋದ ಸಾಯಂಕಾಲವೇ, ಟಿಕೆಟ್ ಕಿಟಕಿ ತಾವಿದ್ ತಟ್ಟೆಗಳಿಂದ ಶುರುವಾಯ್ತು. ಮಿಕ್ಕಿದ್ದು ಮೇವು ಬಿಟ್ವು. ಒಂದೂ ಗೂಡಿಗೆ ಏರ್ಲಿಲ್ಲ.”

ರಜನಿಯ ಕೈ ಪ್ರಿಂಟಿಗಾಗಿ ಬ್ಯಾಗಿನೊಳಗೆ ಹೋಗಿತ್ತು. ಅಲ್ಲೇ ನಿಂತಿತು. ಯಾವ ತಟ್ಟೆಗಳೆಂದು ಅವಳಿಗೆ ಗೊತ್ತಿತ್ತು. ಎದೆಗೆ ಒತ್ತಿಕೊಂಡು ಎತ್ತಿದ್ದವು.

“ಎಲ್ಲಾ ಈಯಮ್ಮನ ಪುಣ್ಯ,” ಎಂದ ನರೇಶ್, ಹೆಂಡತಿಯ ಕಡೆ ನೋಡದೆ. “ಹೊರಗಾಗಿದ್ಳು. ಗೊತ್ತಿದ್ದೂ ಒಳಗೋಗವ್ಳೆ. ಯಾಕೆ ಹೋದೆ ಅಂದ್ರೆ ಬಾಯೇ ಬಿಡಲ್ಲ. ಮುಳಬಾಗಿಲ ಬಸ್ಸಿಗೆ ಬಿಟ್‌ಬರ್ತೀನಿ, ಅವ್ರಪ್ಪ ಅಮ್ಮನೇ ಇಟ್ಕೊಂಡು ಬುದ್ಧಿ ಹೇಳ್ಲಿ.”

“ಎಷ್ಟು ದಿನಕ್ಕೆ?” ರಜನಿ ಕೇಳಿದಳು.

“ಬುದ್ಧಿ ಬರೋಗಂಟ.”

ಅನಿತ ತಲೆ ಎತ್ತಿ ರಜನಿಯನ್ನು ನೋಡಿದಳು. ಬೇಡುವ ನೋಟವಲ್ಲ, ದೂರುವ ನೋಟವೂ ಅಲ್ಲ. ಈಗ ಏನು ಮಾಡುತ್ತಾಳೋ ನೋಡೋಣ ಎಂಬಂತೆ ನೋಡಿ, ಹಸುಗಳ ಕಡೆ ತಿರುಗಿದಳು. ಸ್ಪ್ರೇ ವಿಷಯ ಅವಳಿಗೆ ಗೊತ್ತಿರಲಿಲ್ಲ. ಯಾರು ಕರೆದರು ಎಂಬುದಂತೂ ಗೊತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಬಾಯಿ ತೆರೆದಾಗ ರಜನಿ ನಿಜ ಹೇಳಬೇಕೆಂದೇ ತೆರೆದಳು.

“ದೊಡ್ಡಮ್ಮ, ಹೊರಗಾಗಿದ್ದಕ್ಕೆಲ್ಲ ಹುಳ ಸಾಯಲ್ಲ. ನೀವು ಹೇಳೋದು ನೋಡಿದ್ರೆ ಇದು ಔಷಧಿ.” ಇಷ್ಟು ನಿಜ. ಮುಂದಿನ ಮಾತು ನಾಲಿಗೆಯ ಮೇಲಿತ್ತು. ಕದಿರಮ್ಮ ಅವಳನ್ನೇ ನೋಡುತ್ತಿದ್ದಳು, ಹೋಳೂರಿನ ಹುಳದ ಮನೆಯ ಮಗಳನ್ನು ನೋಡುವ ಹಾಗೆ. “ಪಕ್ಕದ ಟೊಮೆಟೊ ತೋಟದಲ್ಲಿ ಯಾರೋ ಹೊಡ್ದಿರ್ಬೇಕು. ಗಾಳಿಗೆ ಬಂದಿರುತ್ತೆ.”

ನರೇಶ್ ಬೈಕಿನ ಸ್ಟ್ಯಾಂಡು ಹಾಕಿದ. “ನಂಗೂ ಹಂಗೇ ಅನ್ನುಸ್ತು! ಚನ್ನರಾಯಪ್ಪ ಮಾವ ಬಿಟ್ರೆ ಇಲ್ಲಿ ಇನ್ಯಾರದು ತೋಟ?”

“ಇರ್ಬೇಕು ಅಂದೆ ಅಷ್ಟೇ...” ರಜನಿಯ ಮಾತು ಅವನ ಬೆನ್ನಿಗೂ ತಲುಪಲಿಲ್ಲ. ಅವನು ಬೇಲಿಯ ಹತ್ತಿರ ನಿಂತು ಕೂಗಿದ್ದು ಎಲ್ಲರಿಗೂ ಕೇಳಿಸಿತು.

“ಏನ್ ಮಾವ! ಹುಳ ಎದ್ದೈತೆ ಅಂತ ಅಮ್ಮ ಬಂದು ಹೇಳಿರ್ಲಿಲ್ವಾ ನಿಂಗೆ? ಹೊಡ್ದೇ ಬಿಟ್ಯಾ?”

ಸಾಲುಗಳ ನಡುವಿನಿಂದ ಒಬ್ಬ ಮುದುಕ ಎದ್ದು ನಿಂತ. ಕೈಯಲ್ಲಿ ಗಿಡ ಕಟ್ಟುವ ದಾರ. “ಏನ್ಲಾ ಹೊಡ್ದೆ? ಯಾರ್ಲಾ ಹೇಳಿದ್ದು?”

“ಓದಿರೋರು ಹೇಳ್ತಾವ್ರೆ. ಹುಳದ ಮನೆಯೋರೇ.”

ಚನ್ನರಾಯಪ್ಪ ಬೇಲಿ ದಾಟಿ ಬಂದ. ಬರುವಾಗ ದಾರಿಯಲ್ಲಿ ಎರಡು ಟೊಮೆಟೊ ಕಿತ್ತ. ಒಂದನ್ನು ನರೇಶನ ಮುಖದ ಮುಂದೆ ಹಿಡಿದು ಹೆಬ್ಬೆರಳಿನಿಂದ ಸೀಳಿದ. ಒಳಗೆ ಹಸಿರು ಹುಳವೊಂದು ಮಿಸುಕಾಡಿತು. ಇನ್ನೊಂದನ್ನು ಸೀಳಿದ. ಅದರಲ್ಲೂ ಹುಳ.

“ನೋಡ್ಲಾ. ಔಷಧಿ ಹೊಡ್ದಿರೋ ತೋಟ ಹಿಂಗಿರ್ತದಾ? ನಿಮ್ಮಮ್ಮ ಬಂದು ಹುಳ ಎದ್ದವೆ ಚನ್ನಣ್ಣ ಅಂದ್ಲು. ಆಯ್ತು ತಾಯಿ, ನಿನ್ ಗೂಡು ಇಳಿಯೋಗಂಟ ಪಂಪು ಮುಟ್ಟಲ್ಲ ಅಂದೆ. ಮುಟ್ಟಿಲ್ಲ. ಪ್ರತಿ ಸಲ ಹಂಗೇ ತಾನೆ ನಡ್ಕೊಂಡ್ ಬಂದಿರೋದು? ಈ ಸಲ ಅರ್ಧ ತೋಟ ತಿಂದಾಕವೆ. ಮಂಡಿಗೆ ಯಾಕೆ ಹೋಗಿಲ್ಲ ಮಾವ ಅಂತ ಒಂದ್ ದಿನ ಕೇಳಿದ್ಯೇನ್ಲಾ?”

ಕದಿರಮ್ಮ ಎದ್ದು ಬಂದಳು. “ಚನ್ನಣ್ಣ, ಬಿಡಪ್ಪ. ಹುಡುಗ, ಹೊಟ್ಟೆ ಉರಿಗೆ ಅಂದ.”

“ಅವನು ಅಂದಿಲ್ಲ. ಯಾರೋ ಹೇಳಿಕೊಟ್ಟವ್ರೆ.” ಮುದುಕ ರಜನಿಯ ಕಡೆ ತಿರುಗಿದ. “ನೀನೇನಮ್ಮ? ಯಾರ ಮನೆ ಮಗಳು ನೀನು?”

ಅಪ್ಪನ ಹೆಸರು ಹೇಳಬೇಕಾಗಿತ್ತು. ಹೋದ ವಾರ ಆ ಹೆಸರನ್ನು ಎಷ್ಟು ಸಲೀಸಾಗಿ ಹೇಳಿ ಒಳಗೆ ಹೋಗಿದ್ದಳು! ಒಡೆದ ಟೊಮೆಟೊದ ರಸ ಮುದುಕನ ಮೊಣಕೈವರೆಗೆ ಇಳಿಯುತ್ತಿತ್ತು. ಅದನ್ನೇ ನೋಡುತ್ತ ರಜನಿ ಹೇಳಿದಳು:

“ನಾನೇ.”

“ಏನು ನೀನೇ?”

“ಅವತ್ತು ಬಟ್ಟೆಗೆಲ್ಲ ಸೊಳ್ಳೆ ಸ್ಪ್ರೇ ಹೊಡ್ಕೊಂಡಿದ್ದೆ. ಸೆಂಟು ಐತಾ ಅಂತ ದೊಡ್ಡಮ್ಮ ಕೇಳ್ದಾಗ ಜ್ಞಾಪಕ ಬಂತು. ಬಂದ್ರೂ ಇಲ್ಲ ಅಂದೆ. ಕಿಟಕಿ ಹತ್ರದ ತಟ್ಟೆ ಎಲ್ಲಾ ಎತ್ತಿ ಸರಿಸಿದ್ದು ನಾನು. ಫೋಟೊಗೆ. ಅನಿತನ್ನ ಒಳಗೆ ಕರ್ದಿದ್ದೂ ನಾನೇ. ಬರಂಗಿಲ್ಲ ಅಂದ್ಲು. ಏನೂ ಆಗಲ್ಲ ಬಾ ಅಂದೆ.”

“ಮತ್ತೆ ಈಗ ಮಾವ ಹೊಡ್ದ ಅಂದ್ರಲ್ಲ?” ನರೇಶ್ ನಿಜವಾಗಿಯೂ ಅರ್ಥವಾಗದವನಂತೆ ಕೇಳಿದ.

“ಅಂದೆ.”

“ಯಾಕೆ?”

ಉತ್ತರ ಅವಳ ಬಳಿ ಇತ್ತು. ಯಾರ ಮೇಲಾದರೂ ಸರಿ, ತನ್ನ ಮೇಲೆ ಬರದಿದ್ದರೆ ಸಾಕಿತ್ತು. ಅಷ್ಟು ಸಣ್ಣ ಉತ್ತರವನ್ನು ಆ ನಾಲ್ವರ ಮುಂದೆ ಬಾಯಿಬಿಟ್ಟು ಹೇಳಲು ಅವಳಿಗೆ ಆಗಲಿಲ್ಲ.

ಬೈಗುಳ ಬೀಳುತ್ತದೆ ಎಂದು ಕಾದಳು. ಬಿದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕದಿರಮ್ಮ ದನಿ ಏರಿಸಲೇ ಇಲ್ಲ.

“ಕೇಳಿದ್ನಲ್ಲಮ್ಮಾಯಿ, ಕೇಳೇ ಒಳಗ್ ಬಿಟ್ಟಿದ್ದು. ಬ್ಯಾರೆಯೋರಾಗಿದ್ರೆ ಕೇಳ್ತಾನೂ ಇರ್ಲಿಲ್ಲ, ಬಿಡ್ತಾನೂ ಇರ್ಲಿಲ್ಲ.” ಆಮೇಲೆ ಸೊಸೆಯ ಕಡೆ ತಿರುಗಿದಳು. “ಬ್ಯಾಗು ಒಳಗಿಡಮ್ಮ.”

ಅನಿತ ಅಲುಗಲಿಲ್ಲ.

“ಈಯಕ್ಕ ಕರೆದ್ರು ಅಂತ ಅವತ್ತೇ ಯಾಕ್ ಹೇಳ್ಲಿಲ್ಲ ನೀನು?” ಎಂದ ನರೇಶ್.

“ಹೇಳಿದ್ರೆ? ಅವ್ರು ಕರೆದ್ರೆ ನೀನ್ಯಾಕ್ ಹೋದೆ ಅಂತಿದ್ರಿ.” ಅನಿತ ಅತ್ತೆಯ ಕಡೆ ತಿರುಗಿದಳು. “ಇವತ್ತು ಈಯಕ್ಕ ಬರ್ದೇ ಇದ್ದಿದ್ರೆ ಅತ್ತೆ? ನಾನು ಮುಳಬಾಗಿಲಲ್ಲೇ ಇರ್ತಿದ್ದೆ ಅಲ್ವಾ?”

ಚನ್ನರಾಯಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡ. ಹೋಗಲೋ ನಿಲ್ಲಲೋ ತಿಳಿಯದೆ ಒಂದೆರಡು ಹೆಜ್ಜೆ ಹಾಕಿ ಮತ್ತೆ ನಿಂತ.

“ಕದಿರಮ್ಮ. ಹಂಗಾದ್ರೆ... ಹೊಡ್ಕೊಳ್ಲಾ ನಾನು? ಉಳಿದಿರೋದಾದ್ರೂ ಉಳೀಲಿ.”

“ಹೊಡ್ಕೊಳಪ್ಪ. ಇನ್ಯಾಕ್ ಕೇಳ್ತೀಯ.”

ಅವನು ಬೇಲಿ ದಾಟಿ ಹೋದ. ಡ್ರಮ್ಮಿಗೆ ನೀರು ಬೀಳುವ ಸದ್ದು, ಕೋಲಿನಲ್ಲಿ ಕದಡುವ ಸದ್ದು ಕೇಳಿಸಿತು. ಇತ್ತ ಎಲ್ಲರೂ ನಿಂತಲ್ಲೇ ನಿಂತಿದ್ದರು. ಹೊರಟುಬಿಡಬೇಕೆಂದು ರಜನಿಗೆ ಗೊತ್ತಿತ್ತು. ಯಾವ ಮಾತು ಹೇಳಿ ಹೊರಡಬೇಕೆಂದು ಗೊತ್ತಿರಲಿಲ್ಲ. ಪಂಪಿನ ಮೋಟಾರು ಒಮ್ಮೆ ಕೆಮ್ಮಿ ಶುರುವಾಯಿತು. ಗಾಳಿ ಈ ಕಡೆಗೇ ಇತ್ತು. ಔಷಧಿಯ ಕಟು ವಾಸನೆ ಬಂದು ಮೂಗಿಗೆ ತಾಕಿತು.

“ಕಿಟಕಿ!” ಎಂದು ಚೀರಿದಳು ಕದಿರಮ್ಮ.

ಅನಿತ ಓಡಿದಳು. ಅವಳ ಹಿಂದೆಯೇ ರಜನಿ ಓಡಿದಳು. ಯೋಚಿಸಿ ಓಡಿದ್ದಲ್ಲ, ಹೋಳೂರಿನಲ್ಲಿ ಆ ಸದ್ದಿಗೆ ಓಡಿ ಓಡಿ ಕಾಲಿಗೆ ರೂಢಿಯಾಗಿತ್ತು. ಸುಣ್ಣ ತುಳಿದು, ಒಳಗೆ ನುಗ್ಗಿ, ಅನಿತ ಒಂದು ಕಿಟಕಿಯ ಬಾಗಿಲನ್ನು ಎಳೆದು ಮುಚ್ಚಿದಳು, ರಜನಿ ಟಿಕೆಟ್ ಕಿಟಕಿಯದನ್ನು. ಚಿಲಕ ಹಾಕುವಾಗ ಇಬ್ಬರಿಗೂ ಒಟ್ಟಿಗೇ ಅರಿವಾಯಿತು. ಸ್ಟ್ಯಾಂಡುಗಳು ಖಾಲಿ. ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸಿದ್ದರು.

ಅನಿತ ತಾನು ಮುಚ್ಚಿದ ಕಿಟಕಿಯನ್ನು ಮತ್ತೆ ಪೂರ್ತಿ ತೆರೆದಳು. ರಜನಿಯ ಕಡೆ ನೋಡದೆ ಹೊರಗೆ ಹೋದಳು.

“ಬಸ್ಸು ಹೋಯ್ತದೆ. ಗಾಡಿ ತೆಗೀ,” ಎಂದು ಗಂಡನಿಗೆ ಹೇಳಿದ್ದು ಕೇಳಿಸಿತು.

“ಅಮ್ಮ ಇರು ಅಂದ್ಲಲ್ಲ...”

“ನಾನು ಹೋಗ್ತೀನಿ ಅಂತಾ ಇದೀನಿ. ತೆಗೀ.”

ಬೈಕಿನ ಸದ್ದು ಏರಿಯ ಮೇಲೆ ದೂರವಾಯಿತು. ಮೋಟಾರಿನ ಸದ್ದು ಉಳಿಯಿತು. ರಜನಿ ಕೈ ಚಿಲಕದ ಮೇಲಿಟ್ಟು ಅರೆಗತ್ತಲಲ್ಲಿ ನಿಂತೇ ಇದ್ದಳು.

“ಬಿಡಮ್ಮ ಅದನ್ನ,” ಎಂದಳು ಕದಿರಮ್ಮ ಹೊರಗಿನಿಂದ. “ಒಳಗೆ ಏನೈತೆ ಈಗ.”

ರಜನಿ ಬಿಟ್ಟಳು. ಹೊರಗೆ ಹೋಗಲು ಇದ್ದದ್ದು ಒಂದೇ ಬಾಗಿಲು. ಅದರ ಹೊಸ್ತಿಲ ಮೇಲೆ ಕದಿರಮ್ಮ ಬೆನ್ನು ಮಾಡಿ ಕೂತಿದ್ದಳು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಏಳುವ ಸೂಚನೆಯೇ ಇಲ್ಲದೆ.